ಹಾರ್ಡ್ ಡಿಸ್ಕ್ ಬೇಕಾ, ಎಸ್‌ಎಸ್‌ಡಿ ಬೇಕಾ? ಟಿಬಿ ಲೆಕ್ಕಕ್ಕೂ ಮೊದಲು ನೋಡಬೇಕಾದದ್ದು

1 ಟಿಬಿಯ ಎರಡು ಡ್ರೈವ್‌ಗಳಿವೆ ಅಂದುಕೊಳ್ಳಿ. ಒಂದು ಹಾರ್ಡ್ ಡಿಸ್ಕ್, ಇನ್ನೊಂದು ಎಸ್‌ಎಸ್‌ಡಿ. ಎರಡರಲ್ಲೂ ಹಿಡಿಸುವುದು ಅಷ್ಟೇ. ಆದರೆ ಅಲ್ಲಲ್ಲಿ ಚದುರಿರುವ ಹತ್ತು ಸಾವಿರ ಚಿಕ್ಕ ಫೈಲ್‌ಗಳನ್ನು ಓದಿಸಿ ನೋಡಿ. ಒಂದು ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಸುತ್ತದೆ. ಇನ್ನೊಂದು ಎರಡು ನಿಮಿಷ ತಿಣುಕಾಡುತ್ತದೆ. ಡಬ್ಬದ ಮೇಲಿನ ಸಂಖ್ಯೆ ಎಷ್ಟು ಹಿಡಿಸುತ್ತದೆ ಅಂತ ಮಾತ್ರ ಹೇಳುತ್ತದೆ. ಡೇಟಾ ಒಳಗೆ ಹೇಗೆ ಕೂರುತ್ತದೆ ಅನ್ನುವುದು ಗೊತ್ತಾದರೆ ಯಾವ ಡ್ರೈವ್ ಯಾವ ಕೆಲಸಕ್ಕೆ ಅನ್ನುವುದು ತಾನಾಗಿಯೇ ತಿಳಿಯುತ್ತದೆ. ಅದಕ್ಕೇ ಇಲ್ಲಿ ಮೊದಲು ಒಳಗಿನ ಕೆಲಸ, ಆಮೇಲೆ ಆಯ್ಕೆ.

ಅದಕ್ಕೂ ಮುಂಚೆ, ಎಲ್ಲರನ್ನೂ ಕಾಡುವ ಒಂದು ಲೆಕ್ಕ ಮುಗಿಸಿಬಿಡೋಣ.

1 ಟಿಬಿ ಕೊಂಡರೆ 931 ಜಿಬಿ ಕಾಣುವುದು ಯಾಕೆ?

ಯಾರೂ ಮೋಸ ಮಾಡಿಲ್ಲ. ಡ್ರೈವ್ ತಯಾರಿಸುವವರು ಸಾವಿರದ ಲೆಕ್ಕ ಹಿಡಿಯುತ್ತಾರೆ. 1,000 ಬೈಟ್ ಅಂದರೆ 1 ಕೆಬಿ, 100 ಕೋಟಿ ಬೈಟ್ ಅಂದರೆ 1 ಜಿಬಿ, 1 ಲಕ್ಷ ಕೋಟಿ ಬೈಟ್ ಅಂದರೆ 1 ಟಿಬಿ. ವಿಂಡೋಸ್ ಮಾತ್ರ 1,024ರ ಲೆಕ್ಕದಲ್ಲಿ ಎಣಿಸುತ್ತದೆ. ಅದರ ಪ್ರಕಾರ 1 ಜಿಬಿ ಅಂದರೆ 1,07,37,41,824 ಬೈಟ್. ಈಗ 1 ಲಕ್ಷ ಕೋಟಿಯನ್ನು ಈ ಸಂಖ್ಯೆಯಿಂದ ಭಾಗಿಸಿ. ಬರುವುದು 931. ಬೈಟ್‌ಗಳು ಎಲ್ಲೂ ಹೋಗಿಲ್ಲ, ಅಳತೆಗೋಲು ಬೇರೆ ಅಷ್ಟೇ.

1,024ರ ಲೆಕ್ಕಕ್ಕೆ ಗಿಬಿಬೈಟ್, ಟೆಬಿಬೈಟ್ ಅಂತ ಬೇರೆ ಹೆಸರುಗಳನ್ನು 1998ರಲ್ಲೇ ಅಂತರರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಆಯೋಗ ಗೊತ್ತುಮಾಡಿದೆ. ಲಿನಕ್ಸ್‌ನ ಹಲವು ಸಾಧನಗಳು ಈ ಹೆಸರುಗಳನ್ನು ಬಳಸುತ್ತವೆ. ಮ್ಯಾಕ್ 2009ರಿಂದ ಸಾವಿರದ ಲೆಕ್ಕವನ್ನೇ ತೋರಿಸುತ್ತದೆ. ಹಾಗಾಗಿ ಅದೇ ಡ್ರೈವ್ ಮ್ಯಾಕ್‌ಗೆ ಹಾಕಿದರೆ 1 ಟಿಬಿ ಕಾಣುತ್ತದೆ, ವಿಂಡೋಸ್‌ಗೆ ಹಾಕಿದರೆ 931 ಜಿಬಿ. ಸಾಮರ್ಥ್ಯ ಹೆಚ್ಚಾದಂತೆ ಈ ಅಂತರವೂ ಬೆಳೆಯುತ್ತದೆ. 500 ಜಿಬಿಯದು 465 ಜಿಬಿಯಾಗಿ ಕಂಡರೆ 4 ಟಿಬಿಯದು ಹೆಚ್ಚುಕಡಿಮೆ 3.64 ಟಿಬಿಯಾಗಿ ಕಾಣುತ್ತದೆ. ಕೊಳ್ಳುವಾಗ ಸುಲಭದ ಲೆಕ್ಕ ಇದು: ಟಿಬಿಯಲ್ಲಿ ಹೇಳಿದ ಸಂಖ್ಯೆಯಲ್ಲಿ ಶೇಕಡಾ 9 ಕಳೆದರೆ ವಿಂಡೋಸ್ ಟಿಬಿಯಲ್ಲಿ ತೋರಿಸುವ ಸಂಖ್ಯೆ ಸಿಗುತ್ತದೆ, ಜಿಬಿಯಲ್ಲಾದರೆ ಶೇಕಡಾ 7 ಕಳೆಯಿರಿ.

ಹಳೇ ಫ್ಲಾಪಿಯ ಲೆಕ್ಕ ಇನ್ನೂ ವಿಚಿತ್ರ. 2 ಬದಿ, ಬದಿಗೆ 80 ಟ್ರ್ಯಾಕ್ (ದುಂಡನೆಯ ಪಟ್ಟಿ), ಟ್ರ್ಯಾಕಿಗೆ 18 ಸೆಕ್ಟರ್ (ಆ ಪಟ್ಟಿಯ ತುಂಡು), ಸೆಕ್ಟರಿಗೆ 512 ಬೈಟ್. ಗುಣಿಸಿದರೆ 14,74,560 ಬೈಟ್. ಇದನ್ನು 1.44 ಎಂಬಿ ಅಂತ ಕರೆದರು. ಸಾವಿರದ ಲೆಕ್ಕದಲ್ಲೂ ಅದು 1.44 ಆಗುವುದಿಲ್ಲ, 1,024ರ ಲೆಕ್ಕದಲ್ಲೂ ಆಗುವುದಿಲ್ಲ. ಒಮ್ಮೆ 1,024ರಿಂದ, ಇನ್ನೊಮ್ಮೆ 1,000ದಿಂದ ಭಾಗಿಸಿದರೆ ಮಾತ್ರ ಆಗುತ್ತದೆ.

ಜಾಗ ಕಡಿಮೆ ಕಾಣಲು ಇನ್ನೊಂದು ಚಿಕ್ಕ ಕಾರಣವೂ ಇದೆ. ಫೈಲ್ ಸಿಸ್ಟಮ್ ಜಾಗವನ್ನು ತುಂಡು ತುಂಡಾಗಿ ಹಂಚುತ್ತದೆ. ಸಾಮಾನ್ಯವಾಗಿ ಒಂದು ತುಂಡು 4 ಕೆಬಿ. 5 ಕೆಬಿಯ ಫೈಲ್ ಇಟ್ಟರೆ ಅದು ಎರಡು ತುಂಡು, ಅಂದರೆ 8 ಕೆಬಿ ಹಿಡಿಯುತ್ತದೆ. ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿ. ಅಲ್ಲಿ ಫೈಲಿನ ಗಾತ್ರ ಒಂದು, ಡಿಸ್ಕಿನ ಮೇಲೆ ಅದು ಹಿಡಿದ ಗಾತ್ರ ಇನ್ನೊಂದು ಇರುತ್ತದೆ. ಫೋಟೋ, ವಿಡಿಯೋ ಇಡುವವರು ಇದಕ್ಕೆ ತಲೆಕೆಡಿಸಿಕೊಳ್ಳಬೇಕಿಲ್ಲ.

ಹಾರ್ಡ್ ಡಿಸ್ಕಿನ ಒಳಗೆ

ಮೊದಲ ಹಾರ್ಡ್ ಡಿಸ್ಕನ್ನು ಐಬಿಎಂ 1956ರಲ್ಲಿ ತಂದಿತು. 24 ಇಂಚಿನ 50 ತಟ್ಟೆಗಳು. ಇಷ್ಟೆಲ್ಲ ಸೇರಿ ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರ, ಇಂದಿನ ಲೆಕ್ಕದಲ್ಲಿ 4 ಎಂಬಿಗೂ ಕಡಿಮೆ. ಇಂದಿನ ಒಂದು ಫೋಟೋ ಕೂಡ ಅದರಲ್ಲಿ ಹಿಡಿಸುವುದು ಕಷ್ಟ. ಆದರೆ ಮೂಲ ಉಪಾಯ ಇವತ್ತಿಗೂ ಅದೇ.

ಅಲ್ಯೂಮಿನಿಯಂ ಅಥವಾ ಗಾಜಿನ ತಟ್ಟೆ. ಅದರ ಮೇಲೆ ತೆಳುವಾದ ಕಾಂತೀಯ ಲೇಪನ. ತಟ್ಟೆ ತಿರುಗುತ್ತಿರುತ್ತದೆ, ಒಂದು ತೋಳಿನ ತುದಿಯಲ್ಲಿರುವ ಹೆಡ್ ಅದರ ಮೇಲೆ ತೇಲುತ್ತಿರುತ್ತದೆ. ಇವೆರಡರ ನಡುವಿನ ಅಂತರ ಕೆಲವೇ ನ್ಯಾನೋಮೀಟರ್. ಸಾಮಾನ್ಯ ಧೂಳಿನ ಕಣವೇ ಅದಕ್ಕಿಂತ ನೂರಾರು ಪಟ್ಟು ದಪ್ಪ. ಹಾಗಾಗಿ ಹಾರ್ಡ್ ಡಿಸ್ಕಿನ ಮುಚ್ಚಳವನ್ನು ಸುಮ್ನೆ ಕುತೂಹಲಕ್ಕೆ ಅಂತಲೂ ಬಿಚ್ಚಬಾರದು. ಓಡುತ್ತಿರುವಾಗ ಕೈತಪ್ಪಿ ಬಿದ್ದರೂ ಅಷ್ಟೇ, ಹೆಡ್ ತಟ್ಟೆಗೆ ತಾಗಿ ಗೀರುತ್ತದೆ.

ಬರೆಯುವಾಗ ಹೆಡ್ ಲೇಪನದ ಪುಟ್ಟ ಪುಟ್ಟ ಭಾಗಗಳ ಕಾಂತದ ದಿಕ್ಕನ್ನು ಬದಲಿಸುತ್ತದೆ. ಓದುವಾಗ ದಿಕ್ಕು ಎಲ್ಲಿ ಬದಲಾಯಿತು, ಎಲ್ಲಿ ಬದಲಾಗಲಿಲ್ಲ ಅಂತ ನೋಡಿ 0 ಮತ್ತು 1ಗಳನ್ನು ಕಂಡುಕೊಳ್ಳುತ್ತದೆ. ಈ ಭಾಗಗಳು ಚಿಕ್ಕದಾದಷ್ಟೂ ಜಾಗ ಜಾಸ್ತಿ ಸಿಗುತ್ತದೆ, ಆದರೆ ಓದಬೇಕಾದ ಸಂಕೇತ ಕ್ಷೀಣವಾಗುತ್ತದೆ. 1988ರಲ್ಲಿ ಆಲ್ಬರ್ಟ್ ಫೆರ್ಟ್ ಮತ್ತು ಪೀಟರ್ ಗ್ರೂನ್‌ಬರ್ಗ್ ಬೇರೆ ಬೇರೆಯಾಗಿ ಒಂದು ಸಂಗತಿ ಕಂಡುಹಿಡಿದರು. ಕೆಲವು ಪರಮಾಣುಗಳಷ್ಟೇ ದಪ್ಪದ ಲೋಹದ ಪದರಗಳನ್ನು ಒಂದರ ಮೇಲೊಂದು ಇಟ್ಟರೆ, ತೀರಾ ಸಣ್ಣ ಕಾಂತಕ್ಷೇತ್ರವೂ ಅವುಗಳ ವಿದ್ಯುತ್ ರೋಧವನ್ನು ಬಹಳ ಬದಲಿಸುತ್ತದೆ. ಹತ್ತು ವರ್ಷದೊಳಗೆ, 1997ರಲ್ಲಿ, ಇದು ಹಾರ್ಡ್ ಡಿಸ್ಕಿನ ಹೆಡ್‌ಗೆ ಬಂತು. 2007ರ ಭೌತಶಾಸ್ತ್ರದ ನೊಬೆಲ್ ಇಬ್ಬರಿಗೂ ಸಿಕ್ಕಿತು. ಎಂಬಿಗಳ ಲೆಕ್ಕದಲ್ಲಿದ್ದ ಡಿಸ್ಕ್ ಟಿಬಿಗೆ ಏರಿದ್ದರ ಹಿಂದೆ ಇಂಥ ಕೆಲಸಗಳಿವೆ ಅನ್ನುವುದು ನನಗೆ ಈಗಲೂ ಬೆರಗಿನ ವಿಷಯ.

ಈಗ ಆಯ್ಕೆಗೆ ಬೇಕಾದ ಮುಖ್ಯ ಮಾತು. ಒಂದು ಫೈಲ್ ಬೇಕು ಅಂದಾಗ ಡಿಸ್ಕ್ ಎರಡು ಕೆಲಸ ಮಾಡಬೇಕು. ತೋಳು ಸರಿಯಾದ ಟ್ರ್ಯಾಕಿಗೆ ಹೋಗಬೇಕು, ಆಮೇಲೆ ಬೇಕಾದ ಸೆಕ್ಟರ್ ತಿರುಗಿ ಹೆಡ್ಡಿನ ಕೆಳಗೆ ಬರುವ ತನಕ ಕಾಯಬೇಕು. ನಿಮಿಷಕ್ಕೆ 7,200 ಸುತ್ತು ಅಂದರೆ ಸೆಕೆಂಡಿಗೆ 120. ಒಂದು ಸುತ್ತಿಗೆ 8.3 ಮಿಲಿಸೆಕೆಂಡ್. ಸರಾಸರಿ ಅರ್ಧ ಸುತ್ತು ಕಾಯಬೇಕು, ಅಂದರೆ 4.2 ಮಿಲಿಸೆಕೆಂಡ್. ತೋಳಿನ ಓಡಾಟಕ್ಕೆ 9 ಮಿಲಿಸೆಕೆಂಡ್ ಇಟ್ಟುಕೊಳ್ಳಿ. ಒಟ್ಟು 13 ಮಿಲಿಸೆಕೆಂಡ್. ಸೆಕೆಂಡಿಗೆ ಇಂಥ 75 ಓಡಾಟ ಸಾಧ್ಯ, ಅಷ್ಟೇ. ಪ್ರತಿ ಓಡಾಟಕ್ಕೆ 4 ಕೆಬಿ ಓದಿದರೆ ಸೆಕೆಂಡಿಗೆ ಸಿಗುವುದು 300 ಕೆಬಿ! ಅದೇ ಡಿಸ್ಕ್ ಒಂದು ದೊಡ್ಡ ವಿಡಿಯೋವನ್ನು ಸಾಲಾಗಿ ಓದುವಾಗ ಸೆಕೆಂಡಿಗೆ 150ರಿಂದ 250 ಎಂಬಿ ಕೊಡಬಲ್ಲದು.

ಹಾರ್ಡ್ ಡಿಸ್ಕ್ ನಿಧಾನ ಅನ್ನುವುದು ಹಾಗಾಗಿ ಅರ್ಧ ಸತ್ಯ. ದೊಡ್ಡ ಫೈಲ್‌ಗೆ ಅದು ಸಾಕಷ್ಟು ವೇಗವಾಗಿದೆ. ಸಾವಿರಾರು ಚಿಕ್ಕ ಫೈಲ್‌ಗಳನ್ನು ಅಲ್ಲಲ್ಲಿಂದ ಹೆಕ್ಕಬೇಕಾದಾಗ ಸೋಲುತ್ತದೆ. ಆಪರೇಟಿಂಗ್ ಸಿಸ್ಟಮ್ ಶುರುವಾಗುವಾಗ, ಬ್ರೌಸರ್ ತೆರೆಯುವಾಗ ನಡೆಯುವುದು ಇದೇ ಕೆಲಸ. 7,200ರ ಬದಲು 5,400 ಸುತ್ತಿನ ಡಿಸ್ಕ್ ಆದರೆ ಸರಾಸರಿ ಕಾಯುವಿಕೆ 5.6 ಮಿಲಿಸೆಕೆಂಡ್ ಆಗುತ್ತದೆ. ಬ್ಯಾಕಪ್‌ಗೆ ಈ ವ್ಯತ್ಯಾಸ ಲೆಕ್ಕಕ್ಕೇ ಬರುವುದಿಲ್ಲ. ಸದ್ದು, ಬಿಸಿ ಎರಡೂ ಕಡಿಮೆ ಅನ್ನುವ ಕಾರಣಕ್ಕೆ ಅಲ್ಲಿ ನಾನು 5,400ರದ್ದನ್ನೇ ಹೇಳುತ್ತೇನೆ.

ಸಿಎಂಆರ್, ಎಸ್‌ಎಂಆರ್: ಡಬ್ಬ ಹೇಳದ ವ್ಯತ್ಯಾಸ

ಹಾರ್ಡ್ ಡಿಸ್ಕ್ ಅಂತ ತೀರ್ಮಾನ ಆದಮೇಲೆ ಇದನ್ನು ನೋಡದೆ ದುಡ್ಡು ಕೊಡಬೇಡಿ. ಸಿಎಂಆರ್ ಡಿಸ್ಕಿನಲ್ಲಿ ಟ್ರ್ಯಾಕ್‌ಗಳು ಪಕ್ಕಪಕ್ಕ, ಬೇರೆ ಬೇರೆಯಾಗಿ ಇರುತ್ತವೆ. ಎಸ್‌ಎಂಆರ್‌ನಲ್ಲಿ ಛಾವಣಿಯ ಹೆಂಚುಗಳಂತೆ ಒಂದರ ಅಂಚಿನ ಮೇಲೆ ಇನ್ನೊಂದು ಕೂರುತ್ತದೆ. ಓದುವ ಹೆಡ್‌ಗೆ ಕಿರಿದಾದ ಪಟ್ಟಿ ಸಾಕು, ಬರೆಯುವ ಹೆಡ್‌ಗೆ ಅಗಲ ಜಾಸ್ತಿ ಬೇಕು. ಈ ವ್ಯತ್ಯಾಸವನ್ನು ಬಳಸಿಕೊಂಡು ಅದೇ ತಟ್ಟೆಯಲ್ಲಿ ಇನ್ನಷ್ಟು ಡೇಟಾ ತುಂಬಿಸುವ ಉಪಾಯ ಇದು. ಉಪಾಯ ಚೆನ್ನಾಗಿಯೇ ಇದೆ. ಆದರೆ ಮಧ್ಯದ ಒಂದು ಟ್ರ್ಯಾಕ್ ತಿದ್ದಬೇಕಾದರೆ ಅದರ ಮೇಲೆ ಹಾಸಿಕೊಂಡಿರುವ ಪಕ್ಕದ್ದೂ ಅಳಿಯುತ್ತದೆ. ಹಾಗಾಗಿ ಆ ಗುಂಪಿನ ಟ್ರ್ಯಾಕ್‌ಗಳನ್ನೆಲ್ಲ ಓದಿಕೊಂಡು ಮತ್ತೆ ಬರೆಯಬೇಕು.

ದಿನನಿತ್ಯ ಇದು ಕಾಣುವುದಿಲ್ಲ. ಡಿಸ್ಕ್ ತನ್ನ ಒಂದು ಭಾಗವನ್ನು ತಾತ್ಕಾಲಿಕ ಜಾಗವಾಗಿ ಇಟ್ಟುಕೊಂಡು, ಬಿಡುವಾದಾಗ ಡೇಟಾವನ್ನು ಸರಿಯಾದ ಕಡೆಗೆ ಸಾಗಿಸುತ್ತದೆ. ಗಂಟೆಗಟ್ಟಲೆ ನಿಲ್ಲಿಸದೆ ಅಲ್ಲಲ್ಲಿ ಬರೆದರೆ ಆ ಜಾಗ ತುಂಬಿ, ವೇಗ ಪಾತಾಳಕ್ಕೆ ಇಳಿಯುತ್ತದೆ. ಹಲವು ಡಿಸ್ಕ್‌ಗಳನ್ನು ಸೇರಿಸಿ ರೇಯ್ಡ್ ಮಾಡಿದವರಿಗೆ ಇದು ದೊಡ್ಡ ತಲೆನೋವು. ಕೆಟ್ಟ ಡಿಸ್ಕಿನ ಬದಲು ಹೊಸದು ಹಾಕಿ ಮರುನಿರ್ಮಾಣ ಮಾಡುವಾಗ ಎಸ್‌ಎಂಆರ್ ಡಿಸ್ಕ್ ತೀರಾ ನಿಧಾನವಾಗಿ, ಕೆಲವೊಮ್ಮೆ ಆ ವ್ಯವಸ್ಥೆ ಅದನ್ನು ಕೆಟ್ಟದ್ದೆಂದೇ ಹೊರಹಾಕಿಬಿಡುತ್ತದೆ. ರೇಯ್ಡ್‌ಗೆಂದೇ ಮಾರಿದ ಕೆಲವು ಮಾದರಿಗಳಲ್ಲೂ ಎಸ್‌ಎಂಆರ್ ಇತ್ತು, ಅದನ್ನು ಎಲ್ಲೂ ಹೇಳಿರಲಿಲ್ಲ ಅನ್ನುವುದು 2020ರಲ್ಲಿ ಬಯಲಾಗಿ ಬಳಕೆದಾರರು ರೊಚ್ಚಿಗೆದ್ದರು. ಅವರ ಸಿಟ್ಟು ನ್ಯಾಯವಾದದ್ದೇ. ಆಮೇಲೆ ದೊಡ್ಡ ತಯಾರಕರು ಯಾವ ಮಾದರಿಯಲ್ಲಿ ಯಾವುದು ಅಂತ ಪಟ್ಟಿ ಪ್ರಕಟಿಸಿದರು. ಮಾದರಿ ಸಂಖ್ಯೆ ಹಿಡಿದು ತಯಾರಕರ ವಿವರಪತ್ರದಲ್ಲಿ ಹುಡುಕಿದರೆ ಈಗ ಸಾಮಾನ್ಯವಾಗಿ ಸಿಗುತ್ತದೆ.

ಒಮ್ಮೆ ಬರೆದು ಬರೀ ಓದುವುದಕ್ಕೆ, ಉದಾಹರಣೆಗೆ ಹಳೆಯ ಫೋಟೋಗಳ ಸಂಗ್ರಹಕ್ಕೆ, ಎಸ್‌ಎಂಆರ್ ಸಾಕು. ದಿನಾ ಬರೆದು ಅಳಿಸುವ ಕೆಲಸಕ್ಕೆ, ರೇಯ್ಡ್‌ಗೆ ಸಿಎಂಆರ್ ಮಾತ್ರ.

ಎಸ್‌ಎಸ್‌ಡಿಯ ಒಳಗೆ

ಇಲ್ಲಿ ತಿರುಗುವುದು ಯಾವುದೂ ಇಲ್ಲ. ಕೋಟ್ಯಂತರ ಪುಟ್ಟ ಕೋಶಗಳಿವೆ. ಪ್ರತಿ ಕೋಶದಲ್ಲೂ ಒಂದಿಷ್ಟು ವಿದ್ಯುತ್ ಚಾರ್ಜ್ ಕೂಡಿಹಾಕಿ ಇಡಲಾಗುತ್ತದೆ. ಕರೆಂಟ್ ಹೋದರೂ ಆ ಚಾರ್ಜ್ ಅಲ್ಲೇ ಉಳಿಯುತ್ತದೆ. ತೋಶಿಬಾದಲ್ಲಿದ್ದ ಫುಜಿಯೊ ಮಸುಓಕ ಮತ್ತು ಸಂಗಡಿಗರು 1987ರಲ್ಲಿ ಮುಂದಿಟ್ಟ ನ್ಯಾಂಡ್ ಫ್ಲ್ಯಾಶ್ ಇದು. ತೋಳು ಓಡುವುದಿಲ್ಲ, ಸುತ್ತು ಕಾಯುವುದಿಲ್ಲ. ಎಲ್ಲಿಂದ ಓದಿದರೂ 0.1 ಮಿಲಿಸೆಕೆಂಡಿನ ಆಸುಪಾಸು. ಮೊದಲು ಹೇಳಿದ ಹತ್ತು ಸಾವಿರ ಫೈಲ್‌ಗಳಿಗೆ ಈಗ ಗುಣಿಸಿ ನೋಡಿ. ಹಾರ್ಡ್ ಡಿಸ್ಕಿನಲ್ಲಿ 130 ಸೆಕೆಂಡ್, ಇಲ್ಲಿ 1 ಸೆಕೆಂಡ್.

ಒಂದು ಕೋಶದಲ್ಲಿ ಎಷ್ಟು ಬಿಟ್ ತುಂಬುತ್ತಾರೆ ಅನ್ನುವುದರ ಮೇಲೆ ಎಸ್‌ಎಸ್‌ಡಿಗಳ ಜಾತಿ ನಿಂತಿದೆ. ಎಸ್‌ಎಲ್‌ಸಿಯಲ್ಲಿ 1 ಬಿಟ್, ಎಂಎಲ್‌ಸಿಯಲ್ಲಿ 2, ಟಿಎಲ್‌ಸಿಯಲ್ಲಿ 3, ಕ್ಯೂಎಲ್‌ಸಿಯಲ್ಲಿ 4. ಕೇಳಲು ಸಣ್ಣ ವ್ಯತ್ಯಾಸ. ಆದರೆ 3 ಬಿಟ್‌ಗೆ 8 ಬೇರೆ ಬೇರೆ ಚಾರ್ಜ್ ಮಟ್ಟಗಳನ್ನು ಗುರುತಿಸಬೇಕು, 4 ಬಿಟ್‌ಗೆ 16. ಅದೇ ಕೋಶದಲ್ಲಿ ಮಟ್ಟಗಳು ಒತ್ತೊತ್ತಾಗಿ ಕೂರುತ್ತವೆ. ಬರೆಯಲು ಹೊತ್ತು ಜಾಸ್ತಿ, ತಪ್ಪಿಗೆ ಅವಕಾಶ ಜಾಸ್ತಿ, ಬಾಳಿಕೆ ಕಡಿಮೆ. ಸಿಗುವ ಲಾಭ ಒಂದೇ: ಅದೇ ದುಡ್ಡಿಗೆ ಹೆಚ್ಚು ಜಾಗ.

ಕ್ಯೂಎಲ್‌ಸಿ ಡ್ರೈವಿಗೆ 100 ಜಿಬಿ ಒಟ್ಟಿಗೇ ಕಾಪಿ ಮಾಡಿದರೆ ನಡೆಯುವುದನ್ನು ಗಮನಿಸಿ. ಶುರುವಿನಲ್ಲಿ ವೇಗ ಜೋರಾಗಿರುತ್ತದೆ. ಡ್ರೈವ್ ತನ್ನ ಕೆಲವು ಕೋಶಗಳನ್ನು ಸದ್ಯಕ್ಕೆ 1 ಬಿಟ್‌ನಂತೆ ಬಳಸುತ್ತಿರುತ್ತದೆ. ಆ ಜಾಗ ತುಂಬಿದ ಕೂಡಲೇ ವೇಗ ಕುಸಿಯುತ್ತದೆ. ಕೆಲವು ಮಾದರಿಗಳು ಆಗ ಹಾರ್ಡ್ ಡಿಸ್ಕಿಗಿಂತಲೂ ಕೆಳಗಿಳಿಯುತ್ತವೆ. ಜಾಹೀರಾತಿನಲ್ಲಿ ಬರೆಯುವುದು ಮೊದಲಿನ ವೇಗ ಮಾತ್ರ. ಡ್ರೈವ್ ತುಂಬಿದಷ್ಟೂ ಈ ತಾತ್ಕಾಲಿಕ ಜಾಗ ಕುಗ್ಗುತ್ತದೆ. ಅದಕ್ಕೇ ಎಸ್‌ಎಸ್‌ಡಿಯನ್ನು ಮೂತಿತನಕ ತುಂಬಬಾರದು. ಶೇಕಡಾ 10ರಿಂದ 20ರಷ್ಟು ಖಾಲಿ ಬಿಡಿ.

480, 500, 512 ಜಿಬಿ ಅಂತ ಹತ್ತಿರ ಹತ್ತಿರದ ಸಂಖ್ಯೆಗಳು ಕಾಣುತ್ತವೆ, ಅಲ್ವಾ? ಒಳಗಿನ ಚಿಪ್‌ಗಳ ಒಟ್ಟು ಜಾಗ ಸಾಮಾನ್ಯವಾಗಿ ಹೆಚ್ಚುಕಡಿಮೆ ಒಂದೇ. ಅದರಲ್ಲಿ ಎಷ್ಟನ್ನು ಡ್ರೈವ್ ತನ್ನ ನಿರ್ವಹಣೆಗೆ ಕಾಯ್ದಿರಿಸಿಕೊಂಡಿದೆ ಅನ್ನುವುದಷ್ಟೇ ಬೇರೆ. ಈ ಮೂರರಲ್ಲಿ ಸಂಖ್ಯೆ ನೋಡಿ ಆರಿಸುವುದಕ್ಕೆ ಅರ್ಥವಿಲ್ಲ. ಟಿಎಲ್‌ಸಿಯೋ ಕ್ಯೂಎಲ್‌ಸಿಯೋ ನೋಡಿ.

ಎಸ್‌ಎಸ್‌ಡಿ ಬೇಗ ಸವೆಯುತ್ತದೆ ಅನ್ನುವ ಭಯ ಇನ್ನೂ ಹಲವರಲ್ಲಿದೆ. ಲೆಕ್ಕ ಹಾಕೋಣ. 1 ಟಿಬಿಯ ಎಷ್ಟೋ ಟಿಎಲ್‌ಸಿ ಡ್ರೈವ್‌ಗಳಿಗೆ ತಯಾರಕರು 600 ಟಿಬಿಡಬ್ಲ್ಯೂ ಕೊಡುತ್ತಾರೆ. ಅಂದರೆ ಒಟ್ಟು 600 ಟಿಬಿ ಬರೆಯುವ ತನಕ ವಾರಂಟಿ. 5 ವರ್ಷಕ್ಕೆ ಹಂಚಿದರೆ ದಿನಕ್ಕೆ 328 ಜಿಬಿ. ಮನೆಬಳಕೆಯಲ್ಲಿ ಯಾರೂ ದಿನಾ ಇಷ್ಟು ಬರೆಯುವುದಿಲ್ಲ. ಕ್ಯೂಎಲ್‌ಸಿಯಲ್ಲಿ ಈ ಸಂಖ್ಯೆ 200 ಟಿಬಿಯಷ್ಟು ಕಡಿಮೆ ಇರುವುದೂ ಉಂಟು. ಆಗಲೂ ದಿನಕ್ಕೆ 109 ಜಿಬಿ. ದಿನಾ ವಿಡಿಯೋ ಎಡಿಟ್ ಮಾಡುವವರು ಮಾತ್ರ ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು.

ಎಸ್‌ಎಸ್‌ಡಿ ಕಂಪ್ಯೂಟರಿನ ಜೊತೆ ಡೇಟಾ ಸಾಗಿಸುವ ದಾರಿಗಳು ಎರಡು, ಹಳೆಯ ಸಾಟಾ ಮತ್ತು ಹೊಸ ಎನ್‌ವಿಎಂಇ. ಇವುಗಳ ನಡುವಿನ ಆಯ್ಕೆ ಚಿಕ್ಕದು. ಸಾಟಾದ ದಾರಿಯೇ ಸೆಕೆಂಡಿಗೆ 600 ಎಂಬಿಗೆ ಮುಗಿಯುತ್ತದೆ, ಹಾಗಾಗಿ ಡ್ರೈವ್ ಎಷ್ಟೇ ಚೆನ್ನಾಗಿದ್ದರೂ ಸಿಗುವುದು 550. ಎನ್‌ವಿಎಂಇ ಡ್ರೈವ್‌ಗಳು ಮದರ್‌ಬೋರ್ಡಿನ ಪಿಸಿಐಇ ಅನ್ನುವ ವೇಗದ ಸಂಪರ್ಕ ಬಳಸುತ್ತವೆ; ಅದರ ಮೂರನೇ ಪೀಳಿಗೆಗೆ 3,500 ಎಂಬಿ, ನಾಲ್ಕನೆಯದಕ್ಕೆ 7,000ದ ಹತ್ತಿರ. ಮದರ್‌ಬೋರ್ಡಿನಲ್ಲಿ ಜಾಗ ಇದ್ದರೆ ಎನ್‌ವಿಎಂಇ ಹಾಕಿ. ಹಳೆಯ ಲ್ಯಾಪ್‌ಟಾಪ್‌ನಲ್ಲಿ ಸಾಟಾ ಮಾತ್ರ ಇದ್ದರೆ ಬೇಸರ ಬೇಡ, ಹಾರ್ಡ್ ಡಿಸ್ಕಿನಿಂದ ಸಾಟಾ ಎಸ್‌ಎಸ್‌ಡಿಗೆ ಬಂದಾಗ ಆಗುವ ಬದಲಾವಣೆಯೇ ಎಲ್ಲಕ್ಕಿಂತ ದೊಡ್ಡದು. ಒಂದು ಎಚ್ಚರಿಕೆ ಮಾತ್ರ ಇರಲಿ. ಎಂ.2 ಅನ್ನುವುದು ಆಕಾರದ ಹೆಸರು. ಎಂ.2 ಆಕಾರದಲ್ಲಿ ಸಾಟಾ ಡ್ರೈವ್‌ಗಳೂ ಬರುತ್ತವೆ. ನಿಮ್ಮ ಸ್ಲಾಟ್ ಯಾವುದನ್ನು ಒಪ್ಪುತ್ತದೆ ಅಂತ ಕೈಪಿಡಿಯಲ್ಲಿ ನೋಡಿಕೊಂಡೇ ಕೊಳ್ಳಿ.

ಹಾಗಾದರೆ ಯಾವುದು, ಎಷ್ಟು?

ಆಪರೇಟಿಂಗ್ ಸಿಸ್ಟಮ್ ಇರುವ ಡ್ರೈವ್ ಎಸ್‌ಎಸ್‌ಡಿಯೇ ಆಗಿರಬೇಕು. ಇದರಲ್ಲಿ ನನಗೆ ಎರಡು ಮಾತಿಲ್ಲ. ದುಡ್ಡು ಕಡಿಮೆ ಇದ್ದರೆ ಚಿಕ್ಕದನ್ನೇ ತೆಗೆದುಕೊಳ್ಳಿ, ಆದರೆ ಟಿಎಲ್‌ಸಿ ಆಗಿರಲಿ. 1 ಟಿಬಿ ಕ್ಯೂಎಲ್‌ಸಿಗಿಂತ 500 ಜಿಬಿ ಟಿಎಲ್‌ಸಿ ಮತ್ತು ಪಕ್ಕದಲ್ಲೊಂದು ಹಾರ್ಡ್ ಡಿಸ್ಕ್ ಇದ್ದರೆ ಹೆಚ್ಚು ನೆಮ್ಮದಿ. ಆಟಗಳನ್ನು ಇನ್‌ಸ್ಟಾಲ್ ಮಾಡಿಡಲು ಎರಡನೇ ಡ್ರೈವ್ ಬೇಕು ಅಂದರೆ ಅಲ್ಲಿ ಕ್ಯೂಎಲ್‌ಸಿ ಧಾರಾಳವಾಗಿ ನಡೆಯುತ್ತದೆ, ಯಾಕೆಂದರೆ ಅಲ್ಲಿ ಬರೆಯುವುದು ಕಡಿಮೆ, ಓದುವುದೇ ಜಾಸ್ತಿ.

ಎಷ್ಟು ಟಿಬಿ ಅನ್ನುವುದನ್ನು ಊಹೆಯಿಂದ ತೀರ್ಮಾನಿಸಬೇಡಿ. ಫೋಟೋ ಒಂದಕ್ಕೆ 5 ಎಂಬಿ ಅಂದರೆ 1 ಟಿಬಿಯಲ್ಲಿ 2 ಲಕ್ಷ ಫೋಟೋ. ಇಷ್ಟು ಫೋಟೋ ಇರುವವರು ಕಡಿಮೆ. ವಿಡಿಯೋದ ಕಥೆ ಬೇರೆ. ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ 4ಕೆ ಚಿತ್ರೀಕರಿಸಿದರೆ, 8 ಬಿಟ್‌ಗೆ 1 ಬೈಟ್ ಆದ್ದರಿಂದ, ಸೆಕೆಂಡಿಗೆ 12.5 ಎಂಬಿ. ಗಂಟೆಗೆ 45 ಜಿಬಿ. 1 ಟಿಬಿ 22 ಗಂಟೆಗೆ ತುಂಬಿತು. ಮೆಗಾಬಿಟ್ ಮತ್ತು ಮೆಗಾಬೈಟ್ ಅದಲುಬದಲಾದರೆ ಲೆಕ್ಕ 8 ಪಟ್ಟು ತಪ್ಪುತ್ತದೆ, ಅದೊಂದು ನೋಡಿಕೊಳ್ಳಿ. ಇಷ್ಟು ವಿಡಿಯೋ ಕೂಡಿಡಲು ಹಾರ್ಡ್ ಡಿಸ್ಕೇ ಸರಿ. ದೊಡ್ಡ ಫೈಲ್, ಸಾಲಾಗಿ ಓದುವ ಕೆಲಸ, ಟಿಬಿಗೆ ಬೀಳುವ ದುಡ್ಡೂ ಕಡಿಮೆ.

ತುಂಬಾ ಹಳೆಯ ಕಂಪ್ಯೂಟರಿಗೆ 4 ಟಿಬಿ ಹಾಕುವ ಮುಂಚೆ ಒಂದು ಮಾತು. ಎಂಬಿಆರ್ ಅನ್ನುವ ಹಳೆಯ ಪಾರ್ಟಿಶನ್ ಪದ್ಧತಿ 512 ಬೈಟಿನ ಸೆಕ್ಟರ್‌ಗಳಲ್ಲಿ 2.2 ಟಿಬಿಗಿಂತ ಆಚೆ ಎಣಿಸಲಾರದು. ಜಿಪಿಟಿ ಪದ್ಧತಿಯಲ್ಲಿ ಫಾರ್ಮ್ಯಾಟ್ ಮಾಡಿದರೆ ಪೂರ್ತಿ ಜಾಗ ಸಿಗುತ್ತದೆ.

ಬ್ಯಾಕಪ್‌ಗೆ ಹೊರಗಿನ ಹಾರ್ಡ್ ಡಿಸ್ಕ್ ಸಾಕು, ಅದೂ ಒಂದು ದೊಡ್ಡದರ ಬದಲು ಎರಡು. 8 ಟಿಬಿಯ ಒಂದರಲ್ಲಿ ಎಲ್ಲವನ್ನೂ ತುಂಬಿಟ್ಟರೆ ಅದು ಕೆಟ್ಟ ದಿನ ಎಲ್ಲವೂ ಹೋಗುತ್ತದೆ. 4 ಟಿಬಿಯ ಎರಡರಲ್ಲೂ ಅದೇ ಡೇಟಾದ ಪ್ರತಿ ಇಟ್ಟು, ಬೇರೆ ಬೇರೆ ಕಡೆ ಇಡಿ. ಹಾರ್ಡ್ ಡಿಸ್ಕ್ ಕೆಡುವ ಮುನ್ನ ಹಲವು ಸಲ ಸುಳಿವು ಕೊಡುತ್ತದೆ: ಟಿಕ್ ಟಿಕ್ ಸದ್ದು, ನಿಧಾನವಾಗುವುದು, ಡ್ರೈವ್ ತನ್ನ ಸ್ಥಿತಿಯ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿಯಲ್ಲಿ ಕೆಟ್ಟ ಸೆಕ್ಟರ್‌ಗಳ ಎಣಿಕೆ ಏರುವುದು. ಎಸ್‌ಎಸ್‌ಡಿ ಕೆಲವೊಮ್ಮೆ ಯಾವ ಸುಳಿವೂ ಇಲ್ಲದೆ ನಿಂತುಬಿಡುತ್ತದೆ. ಅಳಿಸಿದ ಫೈಲನ್ನು ಹಾರ್ಡ್ ಡಿಸ್ಕಿನಿಂದ ಮರಳಿ ಪಡೆಯುವ ಸಾಧ್ಯತೆ ಇರುತ್ತದೆ. ಎಸ್‌ಎಸ್‌ಡಿಯಲ್ಲಿ ಟ್ರಿಮ್ ಅನ್ನುವ ವ್ಯವಸ್ಥೆ ಅಳಿಸಿದ ಜಾಗವನ್ನು ಬೇಗನೆ ಶುಚಿ ಮಾಡುವುದರಿಂದ ಆ ಆಸೆ ಕಡಿಮೆ. ಕರೆಂಟಿಲ್ಲದೆ ವರ್ಷಗಟ್ಟಲೆ ಬೀರುವಿನಲ್ಲಿ ಇಡುವುದಕ್ಕೂ ಎಸ್‌ಎಸ್‌ಡಿ ಹೇಳಿದ್ದಲ್ಲ. ಕೋಶದ ಚಾರ್ಜ್ ನಿಧಾನವಾಗಿ ಸೋರುತ್ತದೆ. ಜೆಡೆಕ್ ಸಂಸ್ಥೆಯ ಮಾನದಂಡ ಕೇಳುವುದು ಇಷ್ಟು: ಪೂರ್ತಿ ಸವೆದ ಮನೆಬಳಕೆಯ ಡ್ರೈವ್, 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರೆಂಟಿಲ್ಲದೆ 1 ವರ್ಷ ಡೇಟಾ ಹಿಡಿದಿಟ್ಟುಕೊಳ್ಳಬೇಕು. ಹೊಸ ಡ್ರೈವ್ ಇದಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ, ಆದರೂ ಮೂಲೆಯಲ್ಲಿಟ್ಟು ಮರೆಯುವ ವಸ್ತು ಅದಲ್ಲ.

ತಂದಮೇಲೆ ಮಾಡಬೇಕಾದದ್ದು

ತೀರಾ ಅಗ್ಗಕ್ಕೆ 16 ಟಿಬಿ ಅಂತ ಮಾರುವ ಪುಟ್ಟ ಹೊರಗಿನ ಎಸ್‌ಎಸ್‌ಡಿಗಳನ್ನು ನಂಬಬೇಡಿ. ಒಳಗೆ ಇರುವುದು ಒಂದು ಚಿಕ್ಕ ಮೆಮೊರಿ ಕಾರ್ಡ್ ಆಗಿರಬಹುದು. ಅದನ್ನು ನಡೆಸುವ ಚಿಪ್, ಅಂದರೆ ಕಂಟ್ರೋಲರಿಗೆ ಸುಳ್ಳು ಹೇಳಲು ಕಲಿಸಿರುತ್ತಾರೆ, ಅದು ವಿಂಡೋಸ್‌ಗೂ ಅದೇ ಸುಳ್ಳು ಹೇಳುತ್ತದೆ. ಕಾಪಿ ಮಾಡುವಾಗಲೂ ಎಲ್ಲ ಸರಿಯಾಗಿಯೇ ನಡೆದಂತೆ ಕಾಣುತ್ತದೆ. ನಿಜವಾದ ಜಾಗ ಮುಗಿದಮೇಲೆ ಬರೆದದ್ದೆಲ್ಲ ಹಳೆಯದರ ಮೇಲೆ ಬೀಳುತ್ತದೆ ಅಥವಾ ಎಲ್ಲೂ ಸೇರದೆ ಹೋಗುತ್ತದೆ. ಅದು ಗೊತ್ತಾಗುವುದು ಫೈಲ್ ತೆರೆಯಲು ಹೋದಾಗಲೇ.

ಇದನ್ನು ಪತ್ತೆಹಚ್ಚಲು ಪೂರ್ತಿ ಬರೆದು ಪೂರ್ತಿ ಓದಿ ನೋಡುವುದೇ ದಾರಿ. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಎಫ್3 ಈ ಕೆಲಸ ಮಾಡುತ್ತವೆ, ಎರಡೂ ಉಚಿತ. ಹೊತ್ತು ಹಿಡಿಯುತ್ತದೆ. ಸೆಕೆಂಡಿಗೆ 150 ಎಂಬಿಯಂತೆ 4 ಟಿಬಿ ಬರೆಯಲು ಸುಮಾರು ಏಳೂವರೆ ಗಂಟೆ, ಓದಲು ಮತ್ತೆ ಅಷ್ಟೇ. ರಾತ್ರಿ ಹಚ್ಚಿ ಮಲಗಿ. ಬೆಳಿಗ್ಗೆ ಸ್ಮಾರ್ಟ್ ವರದಿ ತೆರೆದು ಎಷ್ಟು ಗಂಟೆ ಓಡಿದೆ ಅನ್ನುವ ಎಣಿಕೆಯನ್ನೂ ನೋಡಿ. ಹೊಸದೆಂದು ಕೊಂಡ ಡಿಸ್ಕ್ ಆಗಲೇ ಸಾವಿರಾರು ಗಂಟೆ ಓಡಿದೆ ಅಂತ ತೋರಿಸಿದರೆ ಅದು ಯಾರೋ ಬಳಸಿ ಬಿಟ್ಟದ್ದು, ವಾಪಸ್ ಕಳಿಸಿ. ಇಷ್ಟೆಲ್ಲ ಮುಗಿದು ಡೇಟಾ ಹೊಸ ಡ್ರೈವಿಗೆ ಬಂದಮೇಲೂ, ಕೆಲವು ಫೈಲ್‌ಗಳನ್ನು ತೆರೆದು ನೋಡುವ ತನಕ ಹಳೆಯ ಡ್ರೈವನ್ನು ಫಾರ್ಮ್ಯಾಟ್ ಮಾಡಬೇಡಿ.